ಕೆರೆ ಉಳಿಸುವವರು ಮೊದಲು ಕಟ್ಟಬೇಕಾದ್ದು ಕಡತ

(ಕೆರೆ ಸಮಿತಿಗಳ ಸದಸ್ಯರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಿಗೆ ಹೇಳಿದ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಕೆರೆ ಯಾಕೆ ಬೇಕು ಅಂತ ಈ ಸಭೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆ ಭಾಷಣವನ್ನು ನೀವೇ ನಿಮ್ಮ ಊರುಗಳಲ್ಲಿ ಮಾಡಿದವರು. ಇವತ್ತಿನ ಮಾತು ಕಚೇರಿಗಳ ಒಳಗೆ ಏನಾಗುತ್ತದೆ ಎಂಬುದರ ಬಗ್ಗೆ. ನೀವು ಕೊಟ್ಟ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲಿ ಮಲಗುತ್ತದೆ, ಅದನ್ನು ಎಬ್ಬಿಸುವುದು ಹೇಗೆ. ಮೆರವಣಿಗೆ, ಮಾನವ ಸರಪಳಿ, ಪತ್ರಿಕಾಗೋಷ್ಠಿ ಇವೆಲ್ಲ ಬೇಕು. ಆದರೆ ಅವು ಕಡತಕ್ಕೆ ವೇಗ ಕೊಡುತ್ತವೆಯೇ ಹೊರತು ಇಲ್ಲದ ಕಡತವನ್ನು ಹುಟ್ಟಿಸುವುದಿಲ್ಲ.

ಒಂದು ಬೇಡಿಕೆ, ಒಬ್ಬ ಅಧಿಕಾರಿ

ಹೊಸ ಸಮಿತಿಗಳ ಮೊದಲ ಮನವಿ ಸಾಮಾನ್ಯವಾಗಿ ಹೀಗಿರುತ್ತದೆ: ಮಾನ್ಯ ಮುಖ್ಯಮಂತ್ರಿಗಳಿಗೆ, ಪ್ರತಿಗಳು ಹದಿನೈದು ಜನಕ್ಕೆ, ಬೇಡಿಕೆಗಳು ಇಪ್ಪತ್ತು. ಒತ್ತುವರಿ ತೆರವು, ಹೂಳೆತ್ತುವುದು, ಬೇಲಿ, ದೀಪ, ವಾಕಿಂಗ್ ಪಾತ್, ಒಳಚರಂಡಿ, ಮೀನಿನ ಟೆಂಡರ್ ರದ್ದು, ಎಲ್ಲವೂ ಒಂದೇ ಕಾಗದದಲ್ಲಿ. ಅದು ಮೇಲಿನಿಂದ ಇಳಿಯುತ್ತಾ, ಪ್ರತಿ ಮೇಜಿನಲ್ಲೂ 'ಮುಂದಿನ ಕ್ರಮಕ್ಕಾಗಿ' ಎಂಬ ಷರಾ ಹೊತ್ತು, ಕೊನೆಗೆ ನಿಮ್ಮೂರಿನ ಗ್ರಾಮ ಆಡಳಿತ ಅಧಿಕಾರಿಯ ಕೈಗೇ ಬರುತ್ತದೆ. ಅಳತೆ ಮಾಡಿಸುವುದಾಗಲಿ ಚರಂಡಿ ತಿರುಗಿಸುವುದಾಗಲಿ ಅವರ ಕೈಯಲ್ಲಿಲ್ಲ. 'ಸ್ಥಳ ಪರಿಶೀಲಿಸಲಾಗಿದೆ' ಎಂದು ಒಂದು ವರದಿ ಬರೆದು ಮೇಲಕ್ಕೆ ಕಳಿಸುತ್ತಾರೆ. ಕಡತ ಮುಕ್ತಾಯ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಏನೂ ಮಾಡಿಲ್ಲ.

ಮನವಿಯನ್ನು ಆ ಕೆಲಸ ಮಾಡಲು ಅಧಿಕಾರ ಇರುವವರಿಗೇ ಬರೆಯಿರಿ, ಆ ಒಂದು ಕೆಲಸವನ್ನಷ್ಟೇ ಕೇಳಿ. ಅಳತೆ ಬೇಕಿದ್ದರೆ ತಹಶೀಲ್ದಾರರಿಗೆ, ಕಾರ್ಖಾನೆಯ ನೀರಿನ ದೂರಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಪರಿಸರ ಅಧಿಕಾರಿಗೆ, ಹೂಳೆತ್ತುವ ಅಂದಾಜುಪಟ್ಟಿಯಾದರೆ ಕಾರ್ಯಪಾಲಕ ಎಂಜಿನಿಯರಿಗೆ. ಎರಡು ಪುಟ ಮೀರಬಾರದು. ಮೊದಲ ಪ್ಯಾರಾದಲ್ಲಿ ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರು, ದಾಖಲೆಯಲ್ಲಿರುವ ವಿಸ್ತೀರ್ಣ. ಆಮೇಲೆ ಏನಾಗಿದೆ, ಯಾವ ದಿನದಿಂದ. ಆಮೇಲೆ ಯಾವ ಕಾಯ್ದೆಯ ಯಾವ ಕಲಮಿನ ಪ್ರಕಾರ ಅವರು ಕ್ರಮ ತೆಗೆದುಕೊಳ್ಳಬಹುದು. ಕೊನೆಯಲ್ಲಿ ಕೋರಿಕೆ ಒಂದೇ ವಾಕ್ಯದಲ್ಲಿ. ಆ ವಾಕ್ಯಕ್ಕೆ 'ಆಯಿತು' ಅಥವಾ 'ಇಲ್ಲ' ಎಂದು ಉತ್ತರ ಬರೆಯಲು ಬರುವಂತಿರಬೇಕು. 'ಕೆರೆಯನ್ನು ಉಳಿಸಿಕೊಡಿ' ಎಂಬುದಕ್ಕೆ ಯಾವ ಅಧಿಕಾರಿಯೂ ಉತ್ತರ ಬರೆಯಲಾರ.

ಅಧಿಕಾರಿಯ ಕೈಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ನಮ್ಮಲ್ಲಿ ಒಂದು ಪದ್ಧತಿಯೇ ಆಗಿದೆ. ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಇನ್ನೊಂದು ಪ್ರತಿಯನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಹೊರಡಬೇಡಿ. ವಾರ ಬಿಟ್ಟು ಹೋಗಿ ವಿಷಯ ನಿರ್ವಾಹಕರನ್ನು ಕಂಡು ಕಡತ ಸಂಖ್ಯೆ ಬರೆದುಕೊಳ್ಳಿ. ಮುಂದಿನ ಎಲ್ಲ ಪತ್ರಗಳೂ ಆ ಸಂಖ್ಯೆಯಿಂದಲೇ ಶುರುವಾಗಬೇಕು. ಅಧಿಕಾರಿಗಳ ವರ್ಗಾವಣೆ ಹೆಚ್ಚಾಗಿ ನಡೆಯುವುದು ಮೇ-ಜೂನ್ ಹೊತ್ತಿಗೆ. ಹೊಸಬರು ಬಂದ ವಾರವೇ ಕಡತ ಸಂಖ್ಯೆಗಳಿರುವ ಒಂದು ಪುಟದ ಸಾರಾಂಶ ಅವರ ಮೇಜಿನ ಮೇಲೆ ಇರಲಿ. ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಶುರು.

ಕೆರೆ ಯಾರ ವಶದಲ್ಲಿದೆ

ಇದನ್ನು ತಿಳಿಯದೆ ವರ್ಷಗಟ್ಟಲೆ ತಪ್ಪು ಬಾಗಿಲು ಬಡಿಯುವ ಸಮಿತಿಗಳಿವೆ. ಗ್ರಾಮಾಂತರದಲ್ಲಿ ಅಚ್ಚುಕಟ್ಟಿನ, ಅಂದರೆ ಕೆರೆಯ ನೀರು ಉಣ್ಣುವ ಜಮೀನಿನ, ವಿಸ್ತೀರ್ಣ ನೋಡಿ. 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯತಿ ವ್ಯವಸ್ಥೆಯದು, 40ರಿಂದ 2000 ಹೆಕ್ಟೇರಿನ ತನಕ ಸಣ್ಣ ನೀರಾವರಿ ಇಲಾಖೆಯದು, ಅದಕ್ಕೂ ಮೇಲೆ ಜಲಸಂಪನ್ಮೂಲ ಇಲಾಖೆ ಮತ್ತು ನಿಗಮಗಳದು. ಲೆಕ್ಕಕ್ಕೆ ಬರುವುದು ಅಚ್ಚುಕಟ್ಟು, ಕೆರೆಯ ಅಂಗಳ ಅಲ್ಲ ಎಂಬುದನ್ನು ಗಮನಿಸಿ. ನಿರ್ವಹಣೆ ಯಾರದೇ ಆಗಲಿ, ಸರ್ಕಾರಿ ಕೆರೆಯ ನೆಲದ ದಾಖಲೆ ಕಂದಾಯ ಇಲಾಖೆಯಲ್ಲಿರುತ್ತದೆ, ಒತ್ತುವರಿ ತೆರವಿನ ಅಧಿಕಾರವೂ ಅಲ್ಲೇ. ಕೊಳಚೆ ಇನ್ನೊಂದು ಕಡೆ: ಸಣ್ಣ ಪಟ್ಟಣಗಳಲ್ಲಿ ಪುರಸಭೆ ಮತ್ತು ನಗರ ನೀರು ಸರಬರಾಜು ಹಾಗೂ ಒಳಚರಂಡಿ ಮಂಡಳಿ, ಬೆಂಗಳೂರಿನಲ್ಲಿ ಜಲಮಂಡಳಿ. ಮೀನಿನ ಗುತ್ತಿಗೆಗೆ ಮತ್ತೊಂದು ಬಾಗಿಲು.

ಇವರೆಲ್ಲರನ್ನೂ ಒಂದೇ ಮೇಜಿಗೆ ತರುವ ಜಾಗ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಅಡಿ ಬಂದದ್ದು ಅದು. ನಿಮ್ಮ ವಿಷಯವನ್ನು ಆ ಸಮಿತಿಯ ಕಾರ್ಯಸೂಚಿಗೆ ಸೇರಿಸಿ ಎಂದು ಕೇಳುವುದು ಪೂರ್ತಿ ನ್ಯಾಯವಾದ ಕೋರಿಕೆ, ಸಭೆಯ ನಡಾವಳಿಯ ಪ್ರತಿ ಕೇಳುವುದು ನಿಮ್ಮ ಹಕ್ಕು.

ಅಳತೆ: ಗೆಲ್ಲುವುದೂ ಸೋಲುವುದೂ ಇಲ್ಲೇ

ಒತ್ತುವರಿ ಎಂಬ ಪದ ಬಾಯಿಗೆ ಬರುವ ಮೊದಲು ನಾಲ್ಕು ದಾಖಲೆ ಕೈಗೆ ಬರಬೇಕು: ಗ್ರಾಮ ನಕಾಶೆ, ಪಹಣಿ, ಆಕಾರಬಂದ್, ಮೂಲ ಟಿಪ್ಪಣಿ. ನಕಾಶೆ ಕೆರೆಯ ಆಕಾರವನ್ನೂ ಒಳಬರುವ ಹಳ್ಳಗಳನ್ನೂ ತೋರಿಸುತ್ತದೆ. ಪಹಣಿ ಇವತ್ತು ಯಾರ ಹೆಸರಿಗೆ ಎಷ್ಟು ಎಂದು ಹೇಳುತ್ತದೆ. ಆ ಸರ್ವೆ ನಂಬರಿಗೆ ಅಳತೆಯಾಗಿ ನಿಗದಿಯಾದ ವಿಸ್ತೀರ್ಣ ಆಕಾರಬಂದ್‌ನಲ್ಲಿ ಸಿಗುತ್ತದೆ. ಟಿಪ್ಪಣಿ ಮೂಲ ಸರ್ವೆಯಲ್ಲಿ ಸರಪಳಿ ಎಳೆದು ಬರೆದ ಅಳತೆಗಳ ಚಿತ್ರ. ಹಳೆಯ ಸರಪಳಿ 33 ಅಡಿ, 16 ಆಣೆ. ಒಂದು ಸರಪಳಿ ಚದರಕ್ಕೆ ಒಂದು ಗುಂಟೆ, ಅಂದರೆ 1089 ಚದರಡಿ. ಟಿಪ್ಪಣಿಯಲ್ಲಿ 'ಸರಪಳಿ-ಆಣೆ' ಕಂಡರೆ ಗಾಬರಿ ಬೀಳಬೇಡಿ, ಈ ಲೆಕ್ಕ ಸಾಕು.

ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಸಾಮಾನ್ಯವಾಗಿ ಕಾಣುವ ತೊಡಕುಗಳು ಇವು. ಕೆರೆ ಒಂದೇ ಸರ್ವೆ ನಂಬರಿನಲ್ಲಿ ಇರುವುದಿಲ್ಲ; ಮೂರು ನಂಬರು, ಎರಡು ಗ್ರಾಮ, ಕೆಲವೊಮ್ಮೆ ಎರಡು ತಾಲ್ಲೂಕು. ಒಂದು ಗ್ರಾಮದ ನಕಾಶೆ ಮಾತ್ರ ಹಿಡಿದು ಹೋದವರ ಅರ್ಧ ಕೆರೆ ಅಳತೆಗೇ ಬರುವುದಿಲ್ಲ. ಪಹಣಿಯ ವಿಸ್ತೀರ್ಣ ಆಕಾರಬಂದ್‌ಗಿಂತ ಕಡಿಮೆ ಇದ್ದರೆ ಮಧ್ಯೆ ಎಲ್ಲೋ ಮಂಜೂರಾತಿಯೋ ಪೋಡಿಯೋ (ಸರ್ವೆ ನಂಬರನ್ನು ಒಡೆದು ಭಾಗ ಮಾಡುವುದು) ಆಗಿದೆ ಎಂದರ್ಥ. ಆಗ ಆ ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ಸಂಖ್ಯೆ ಹುಡುಕಬೇಕು. ಕೆರೆಗೆ ಮಳೆನೀರು ತರುವ ರಾಜಕಾಲುವೆಗಳು ಬಹಳಷ್ಟು ಕಡೆ ಖಾಸಗಿ ಸರ್ವೆ ನಂಬರಿನೊಳಗೇ 'ಬಿ ಖರಾಬು' ಆಗಿ ಕುಳಿತಿರುತ್ತವೆ. 'ಎ ಖರಾಬು' ಸಾಗುವಳಿಗೆ ಬಾರದ ನೆಲ, ಅದು ಹಿಡುವಳಿಗೆ ಸೇರಿದ್ದು. 'ಬಿ ಖರಾಬು' ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದು. ಪಹಣಿಯ ಆ ಸಣ್ಣ ಅಂಕಣವನ್ನು ನೋಡದೆ ಕಾಲುವೆಯನ್ನು ಕಳೆದುಕೊಂಡ ಕೆರೆಗಳು ಎಷ್ಟೋ. ಅಂಗಳ ಪೂರ್ತಿ ಉಳಿದಿರುತ್ತದೆ, ನೀರು ಬರುವ ದಾರಿಯೇ ಇರುವುದಿಲ್ಲ.

ಇದರ ಎದುರು ಬದಿಯೂ ಉಂಟು. ಹಿನ್ನೀರು ಹತ್ತುವ ಜಾಗದಲ್ಲಿ ನ್ಯಾಯವಾದ ಹಿಡುವಳಿ ಜಮೀನುಗಳು ಇರಬಹುದು. ಮಳೆಗಾಲದಲ್ಲಿ ಮುಳುಗಿ, ನೀರು ಇಳಿದ ಮೇಲೆ ರಾಗಿಯೋ ಹುರುಳಿಯೋ ಬೆಳೆಯುವ ರೈತ ಒತ್ತುವರಿದಾರನಲ್ಲ. ಅವನನ್ನು ಪತ್ರಿಕೆಯಲ್ಲಿ ಭೂಗಳ್ಳ ಎಂದು ಬರೆಸಿದರೆ ಒಂದು ಊರೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಮಾನನಷ್ಟದ ದೂರು ಬಂದರೆ (ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ) ಸಮಿತಿಯ ಅರ್ಧ ಶಕ್ತಿ ಅಲ್ಲೇ ಖರ್ಚು. 'ದಿನಾಂಕ ಇಂಥದ್ದರ ಸರ್ವೆ ನಕ್ಷೆಯ ಪ್ರಕಾರ ಇಷ್ಟು ಗುಂಟೆ' ಎಂಬ ವಾಕ್ಯ ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ದಿಶಾಂಕ್ ಆ್ಯಪ್ ಒಳ್ಳೆಯದು, ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಗೂಗಲ್ ಅರ್ಥ್‌ನ ಹಳೆಯ ಉಪಗ್ರಹ ಚಿತ್ರಗಳು ಇನ್ನೂ ಒಳ್ಳೆಯವು, ಯಾವ ವರ್ಷದಿಂದ ಯಾವ ವರ್ಷದೊಳಗೆ ಮಣ್ಣು ತುಂಬಿದರು ಎಂಬುದು ಕಣ್ಣಿಗೆ ಕಾಣುತ್ತದೆ. ಆದರೆ ಎರಡರಲ್ಲೂ ಗೆರೆ ಕೆಲವು ಮೀಟರು ಆಚೀಚೆ ಆಗಬಹುದು. ಕೆಲವು ಮೀಟರೆಂದರೆ ಒಂದು ಸೈಟಿನ ಅಗಲ. ಅವುಗಳಿಂದ ಅನುಮಾನ ಹುಟ್ಟಲಿ, ಗಡಿ ತೀರ್ಮಾನ ಆಗುವುದು ಇಲಾಖೆಯ ಸರ್ವೇಯರ ಅಳತೆಯಿಂದಲೇ.

ಅಳತೆಯನ್ನು ಫೆಬ್ರವರಿಯಿಂದ ಮೇ ಒಳಗೆ, ನೀರು ಇಳಿದಾಗ ಕೇಳಿ. ಅರ್ಜಿಯಲ್ಲಿ 'ಜಂಟಿ ಅಳತೆ' ಎಂದು ಬರೆಯಿರಿ: ಕಂದಾಯ, ಸರ್ವೆ, ಕೆರೆಯ ವಶದಾರ ಇಲಾಖೆ, ಪಂಚಾಯತಿ ಅಥವಾ ಪುರಸಭೆ ಒಟ್ಟಿಗೆ. ಆ ದಿನ ಸಮಿತಿಯಿಂದ ಇಬ್ಬರು ಸ್ಥಳದಲ್ಲಿರಬೇಕು. ಜಗಳಕ್ಕಲ್ಲ, ಮಹಜರಿಗೆ ಸಹಿ ಹಾಕಲು. ಕೆಲಸ ಮುಗಿದ ಮೇಲೆ ಕೇಳಬೇಕಾದದ್ದು ಒತ್ತುವರಿಯನ್ನು ಬೇರೆ ಬಣ್ಣದಲ್ಲಿ ತೋರಿಸಿ, ಪ್ರತಿಯೊಂದಕ್ಕೂ ಹೆಸರು ಮತ್ತು ಎಕರೆ-ಗುಂಟೆ ಬರೆದ, ಸಹಿಯಿರುವ ನಕ್ಷೆ. ಬರೀ 'ಒಟ್ಟು ಒತ್ತುವರಿ ಇಷ್ಟು' ಎಂಬ ವರದಿಯಿಂದ ಯಾರಿಗೂ ನೋಟಿಸ್ ಕೊಡಲು ಬರುವುದಿಲ್ಲ.

ಆಮೇಲಿನದು ಭೂಕಂದಾಯ ಕಾಯ್ದೆಯ 104ನೇ ಕಲಂ, ಅನಧಿಕೃತವಾಗಿ ಕುಳಿತವರನ್ನು ತೆರವು ಮಾಡುವುದು. ಇಲ್ಲಿ ನಾಗರಿಕರೇ ಅವಸರ ಮಾಡಿ ಕೆಡಿಸುವುದುಂಟು. ನೋಟಿಸ್ ಕೊಡದೆ, ಅಹವಾಲು ಕೇಳದೆ, ಕಾರಣ ಬರೆದ ಆದೇಶ ಇಲ್ಲದೆ ಜೆಸಿಬಿ ತಂದರೆ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಮರುದಿನ ನ್ಯಾಯಾಲಯದಲ್ಲಿ ತಡೆಯಾಜ್ಞೆ. ಆ ತಡೆ ತೆರವಾಗಲು ವರ್ಷಗಳು ಹಿಡಿಯುತ್ತವೆ, ಅಷ್ಟರಲ್ಲಿ ಶೆಡ್ಡಿದ್ದ ಜಾಗದಲ್ಲಿ ಮೂರಂತಸ್ತು ಎದ್ದಿರುತ್ತದೆ. ನೋಟಿಸ್ ಹೆಸರಿಗೆ ಹೋಗಿದೆಯೇ, ಜಾರಿಯಾದ ರಸೀದಿ ಇದೆಯೇ, ಉತ್ತರಕ್ಕೆ ಸಮಯ ಕೊಟ್ಟಿದ್ದಾರೆಯೇ, ಆದೇಶದಲ್ಲಿ ಸರ್ವೆ ನಕ್ಷೆಯ ದಿನಾಂಕ ಇದೆಯೇ ಎಂದು ನೋಡಿಕೊಳ್ಳಿ. ಸಿವಿಲ್ ನ್ಯಾಯಾಲಯದಲ್ಲಿ ನಿಮ್ಮ ಸಮಿತಿಯೂ ಕಕ್ಷಿದಾರ ಆಗಬಹುದಾದ ಪ್ರಕರಣವಾದರೆ ವಕೀಲರ ಮೂಲಕ ಕೇವಿಯಟ್ ಹಾಕಿಸಿ, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ. ಅದರ ಆಯುಸ್ಸು 90 ದಿನ, ಆಮೇಲೆ ಮತ್ತೆ ಹಾಕಬೇಕು.

ಒತ್ತುವರಿ ಪಟ್ಟಿಯಲ್ಲಿ ಸರ್ಕಾರದ್ದೇ ದೊಡ್ಡ ಪಾಲಿರುವುದು ಹೊಸ ಸುದ್ದಿಯಲ್ಲ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ನಿಮ್ಮ ಊರಿನಲ್ಲೂ ಒಂದು ರಸ್ತೆ, ಒಂದು ಸಮುದಾಯ ಭವನ, ಒಂದು ನೀರಿನ ಟ್ಯಾಂಕು ಇದ್ದೇ ಇರುತ್ತದೆ. ಪಟ್ಟಿಯನ್ನು ಮೂರು ಭಾಗ ಮಾಡಿಸಿ: ಸರ್ಕಾರಿ ಕಟ್ಟಡ, ವಾಣಿಜ್ಯ ಮತ್ತು ಬಡಾವಣೆ, ವಾಸದ ಗುಡಿಸಲು-ಮನೆ. ಮೂರನೆಯದಕ್ಕೆ ಪುನರ್ವಸತಿ ಹೇಗೆ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ. ಏನೂ ಮಾಡದ ಆಡಳಿತಕ್ಕೆ ಏನೋ ಮಾಡಿದೆ ಎಂದು ತೋರಿಸಲು ಸುಲಭದ ಗುರಿ ಗುಡಿಸಲು. ಅಲ್ಲಿಂದ ಶುರುವಾದ ತೆರವು ಬಹಳ ಸಲ ಅಲ್ಲೇ ನಿಲ್ಲುತ್ತದೆ, ಬಡಾವಣೆಯ ಗೇಟಿನ ತನಕ ಹೋಗುವುದಿಲ್ಲ.

ಮಾಹಿತಿ ಹಕ್ಕು: ಪ್ರಶ್ನೆ ಕೇಳಬೇಡಿ, ದಾಖಲೆ ಕೇಳಿ

ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಶುಲ್ಕ 10 ರೂಪಾಯಿ. ಅರ್ಜಿ ಹಾಕುವವರು ವ್ಯಕ್ತಿಯಾಗಿರಬೇಕು, ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಸಮಿತಿಯ ಲೆಟರ್‌ಹೆಡ್‌ನಲ್ಲಿ ಹಾಕಿದ ಅರ್ಜಿಯನ್ನು ಆ ಒಂದು ನೆಪದಿಂದಲೇ ವಾಪಸು ಕಳಿಸುವವರಿದ್ದಾರೆ.

'ಕೆರೆಗೆ ಕೊಳಚೆ ಬಿಡುತ್ತಿರುವವರ ಮೇಲೆ ಯಾಕೆ ಕ್ರಮ ಕೈಗೊಂಡಿಲ್ಲ?' ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು. ಇಲ್ಲದ ವಿವರಣೆ ಅದರ ವ್ಯಾಪ್ತಿಗೆ ಬರುವುದಿಲ್ಲ. 'ಇಂಥ ಕಡತ ಸಂಖ್ಯೆಯ ಟಿಪ್ಪಣಿ ಹಾಳೆಗಳು ಮತ್ತು ಪತ್ರವ್ಯವಹಾರದ ದೃಢೀಕೃತ ಪ್ರತಿ, ಇಂಥ ದಿನದಿಂದ ಇಂಥ ದಿನದವರೆಗೆ' ಎಂದು ಕೇಳಿ. ಯಾವ ಅಧಿಕಾರಿ ಯಾವ ದಿನ ಏನು ಬರೆದರು, ಕಡತ ಎಷ್ಟು ತಿಂಗಳು ಯಾರ ಮೇಜಿನಲ್ಲಿತ್ತು, ಎಲ್ಲ ಟಿಪ್ಪಣಿ ಹಾಳೆಯಲ್ಲೇ ಇರುತ್ತದೆ. ಕಡತದಲ್ಲಿ ಏನಿದೆ ಎಂದೇ ಗೊತ್ತಿಲ್ಲದಿದ್ದರೆ ಮೊದಲು ಪರಿಶೀಲನೆಗೆ ಅವಕಾಶ ಕೇಳಿ, ಹೋಗಿ ಓದಿ, ಬೇಕಾದ ಪುಟಗಳ ಪ್ರತಿ ಮಾತ್ರ ತೆಗೆದುಕೊಳ್ಳಿ.

ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೇ ಕಚೇರಿಯ ಮೇಲಧಿಕಾರಿಗೆ. ಅಲ್ಲಿ 30ರಿಂದ 45 ದಿನ. ಆಮೇಲೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಉದ್ದ, ಆ ಹಂತಕ್ಕೆ ಹೋದ ದಾಖಲೆಯನ್ನು ನಂಬಿ ಯಾವ ಯೋಜನೆಯನ್ನೂ ಹಾಕಿಕೊಳ್ಳಬಾರದು. ಒಂದು ಸರ್ಕಾರಿ ಪತ್ರ ಎಂದೂ ಒಂದೇ ಕಚೇರಿಯಲ್ಲಿ ಇರುವುದಿಲ್ಲ. ತಹಶೀಲ್ದಾರರು ಜಿಲ್ಲಾಧಿಕಾರಿಗೆ ಬರೆದ ಪತ್ರದ ಒಂದು ಪ್ರತಿ ಅಲ್ಲೂ ಒಂದು ಇಲ್ಲೂ ಇರುತ್ತದೆ, ಸಣ್ಣ ನೀರಾವರಿಗೂ ಹೋಗಿರಬಹುದು. ಮೂರು ಕಡೆ ಬೇರೆ ಬೇರೆಯವರು 10-10 ರೂಪಾಯಿ ಕಟ್ಟಿ ಕೇಳಿದರೆ ಒಂದು ಕಡೆಯಿಂದ ಬರುವ ಸಾಧ್ಯತೆ ಹೆಚ್ಚು. ಹಳೆಯ ಭೂದಾಖಲೆಗಳಿಗಂತೂ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ನಕಲು ಅರ್ಜಿ ಹಾಕುವುದೇ ಮಾಹಿತಿ ಹಕ್ಕಿಗಿಂತ ಬೇಗ.

ನೀರಿನ ಪರೀಕ್ಷೆ

ಬಾಟಲಿಯಲ್ಲಿ ಕಪ್ಪು ನೀರು ತುಂಬಿ ಜಿಲ್ಲಾಧಿಕಾರಿಯ ಮೇಜಿನ ಮೇಲಿಡುವುದು ನೋಡಲು ಚೆಂದ. ಪರೀಕ್ಷೆಗೆ ಕೊಡುವ ನೀರಿನ ಲೆಕ್ಕ ಬೇರೆ. ಕನಿಷ್ಠ ಮೂರು ಜಾಗ: ನೀರು ಒಳಬರುವ ಬಾಯಿ, ನಡುಕೆರೆ, ಕೋಡಿಯ ಹತ್ತಿರ. ಬಾಯಿಗಿಂತ ಕೋಡಿಯಲ್ಲಿ ನೀರು ಎಷ್ಟು ಸುಧಾರಿಸಿದೆ ಎಂಬುದೇ ಕೆರೆಯ ಆರೋಗ್ಯದ ಅಂದಾಜು ಕೊಡುತ್ತದೆ. ಬಿಒಡಿ (ನೀರಿನ ಕೊಳಕನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಮಾದರಿಯನ್ನು ಗಾಳಿಗುಳ್ಳೆ ಉಳಿಯದಂತೆ ತುಂಬಿ, ಬೆಳಕು ತಾಗದಂತೆ, 4 ಡಿಗ್ರಿ ಸೆಲ್ಸಿಯಸ್ ಹತ್ತಿರ ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಕೋಲಿಫಾರಂ (ಕೊಳಚೆ ಸೇರಿದ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿ ಬೇರೆಯೇ ಬೇಕು, ಪ್ರಯೋಗಾಲಯದವರನ್ನು ಕೇಳಿ ತನ್ನಿ. ಖಾಲಿ ಬಿಸ್ಲೇರಿ ಬಾಟಲಿಯಲ್ಲಿ ಕೊಟ್ಟ ಮಾದರಿಯ ವರದಿಗೆ ಎದುರು ವಕೀಲ ಎರಡು ಪ್ರಶ್ನೆ ಕೇಳಿದರೆ ಮುಗಿಯಿತು.

ಕರಗಿದ ಆಮ್ಲಜನಕವನ್ನು ಅಳೆಯುವ ಹೊತ್ತು ಬಹಳ ಮುಖ್ಯ, ಬಹಳ ಜನ ತಪ್ಪುವುದೂ ಅಲ್ಲೇ. ಪಾಚಿಗಟ್ಟಿದ ಹಸಿರು ಕೆರೆಯಲ್ಲಿ ಮಧ್ಯಾಹ್ನ ಪಾಚಿಯೇ ಆಮ್ಲಜನಕ ಬಿಡುತ್ತಿರುತ್ತದೆ, ಮೀಟರು ಬಹಳ ಚೆನ್ನಾಗಿರುವ ಅಂಕಿ ತೋರಿಸುತ್ತದೆ. ರಾತ್ರಿಯಿಡೀ ಅದೇ ಪಾಚಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮೀನು ಸಾಯುವುದು ಹೆಚ್ಚಾಗಿ ಬೆಳಗಿನ ಜಾವ, ಅಧಿಕಾರಿಗಳು ಮಾದರಿ ತೆಗೆಯಲು ಬರುವುದು ಹನ್ನೊಂದರ ಮೇಲೆ. ಸೂರ್ಯ ಹುಟ್ಟುವ ಮೊದಲು ಅಳೆಯಿರಿ, ಸಮಯವನ್ನು ವರದಿಯಲ್ಲಿ ಬರೆಸಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಬದುಕುವ ನೀರು 'ಡಿ' ವರ್ಗ, ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಬರೀ ನೀರಾವರಿಗೆ ಆಗುವುದು 'ಇ' ವರ್ಗ.

ನೀವು ಮಾಡಿಸಿದ ವರದಿ ಎಷ್ಟೇ ಶುದ್ಧವಾಗಿದ್ದರೂ ಕಾರ್ಖಾನೆಯ ಮೇಲಿನ ಮೊಕದ್ದಮೆಯಲ್ಲಿ ಅದೇ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಂಡಳಿಯವರು ನೋಟಿಸ್ ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ ಮೊಹರು ಹಾಕಿ ಕಳಿಸಿದ್ದಕ್ಕೆ ಮಾತ್ರ ಆ ಬೆಲೆ. ನಿಮ್ಮ ವರದಿಯ ಉಪಯೋಗ ಮಂಡಳಿಯನ್ನು ಮಾದರಿ ತೆಗೆಯಲು ಹೊರಡಿಸುವುದು. ಹೊರಡದಿದ್ದರೆ 49ನೇ ಕಲಂ ಇದೆ: 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ನೇರವಾಗಿ ದೂರು ದಾಖಲಿಸಬಹುದು. ನೋಟಿಸ್ ತಲುಪಿದ ಮೇಲೆ ಕಚೇರಿಯಲ್ಲಿ ಚಲನೆ ಶುರುವಾಗುವುದು ಸಾಮಾನ್ಯ. ಇನ್ನು 25ನೇ ಕಲಮಿನ 6ನೇ ಉಪಕಲಂ. ಯಾವ ಘಟಕಕ್ಕೆ ಯಾವ ಷರತ್ತಿನ ಮೇಲೆ ನೀರು ಬಿಡಲು ಸಮ್ಮತಿ ಕೊಟ್ಟಿದೆ ಎಂಬ ರಿಜಿಸ್ಟರನ್ನು ಮಂಡಳಿ ಇಟ್ಟಿರಬೇಕು, ಆಸಕ್ತರಿಗೆ ನೋಡಲು ತೆರೆದಿಡಬೇಕು. ಇದನ್ನು ಕೇಳುವವರೇ ಕಡಿಮೆ.

ಕೊಳಚೆಯ ಪ್ರಮಾಣಕ್ಕೆ ಸುಲಭದ ಲೆಕ್ಕ: ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ ಶೇ. 80ರಷ್ಟು ಕೊಳಚೆ, ಅಂದರೆ 108 ಲೀಟರ್. ಮೇಲ್ಭಾಗದ ಬಡಾವಣೆಗಳಲ್ಲಿ 5000 ಜನ ಇದ್ದರೆ ದಿನಕ್ಕೆ 5.4 ಲಕ್ಷ ಲೀಟರ್. ಅಲ್ಲಿ ಶುದ್ಧೀಕರಣ ಘಟಕದ ಸಾಮರ್ಥ್ಯ ಎಷ್ಟು ಎಂದು ಕೇಳಿ, ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ಕೊಡಿ. ಒತ್ತುವರಿಗೂ ಇಂಥದೇ ಲೆಕ್ಕ ಹಾಕಬಹುದು. ಹತ್ತು ಗುಂಟೆ ಅಂಗಳದಲ್ಲಿ ಆರಡಿ ಮಣ್ಣು ತುಂಬಿದರೆ ಹೋಗುವುದು 65,340 ಘನ ಅಡಿ ಜಾಗ, ಸುಮಾರು 18.5 ಲಕ್ಷ ಲೀಟರ್, 6000 ಲೀಟರಿನ ಟ್ಯಾಂಕರಿನಲ್ಲಿ 308 ಲೋಡು. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಡುವ ಜನಕ್ಕೆ ಗುಂಟೆಗಿಂತ ಈ ಅಂಕಿ ಬೇಗ ತಟ್ಟುತ್ತದೆ.

ಅಭಿವೃದ್ಧಿ ಎಂಬ ಇನ್ನೊಂದು ಅಪಾಯ

ಹಣ ಮಂಜೂರಾಯಿತು ಎಂದು ಪಟಾಕಿ ಹೊಡೆಯುವ ಮೊದಲು ಡಿಪಿಆರ್ (ವಿವರವಾದ ಯೋಜನಾ ವರದಿ) ತರಿಸಿ ಓದಿ. ಕೆರೆಯ ಸುತ್ತ ಪೂರ್ತಿ ಏರಿ, ಅಂದರೆ ರಿಂಗ್ ಬಂಡ್ ಇದೆಯೇ? ಇದ್ದರೆ ಆಕ್ಷೇಪ ಎತ್ತಿ. ಏರಿ ಇರಬೇಕಾದ್ದು ತಗ್ಗಿನ ಬದಿಗೆ. ಮೇಲ್ಬದಿ ತೆರೆದಿರಬೇಕು, ನೀರು ಹಾಸಿಕೊಂಡು ಒಳಬರುವುದು ಅಲ್ಲಿಂದಲೇ. ಅಲ್ಲೂ ಏರಿ ಹಾಕಿದರೆ ಹೊರಗುಳಿದ ಅಂಗಳ ಎರಡು ವರ್ಷದಲ್ಲಿ ಸೈಟಾಗುತ್ತದೆ. ಬದಿಗಳನ್ನು ಕಡಿದಾಗಿ ಕೊರೆದು ಕಲ್ಲು ಹೊದಿಸಿದರೆ ಕಾಲೂರಿ ನಡೆಯುವ ಹಕ್ಕಿಗೂ ಜಾಗವಿಲ್ಲ, ಜೊಂಡಿಗೂ ಜಾಗವಿಲ್ಲ, ನೀರು ಕುಡಿಯಲು ಇಳಿಯುವ ದನಕ್ಕೂ ಇಲ್ಲ. ಕೋಡಿಯ ಮಟ್ಟ ತಗ್ಗಿಸಿದ್ದಾರೆಯೇ, ತೂಬು ಮುಚ್ಚುತ್ತಾರೆಯೇ, ಒಳಹರಿವಿನ ಬಾಯಲ್ಲಿ ಹೂಳುಗುಂಡಿ ಇದೆಯೇ, ಕೊಳಚೆಯನ್ನು ಕಾಲುವೆಯಲ್ಲೇ ತಡೆಯುವ ವ್ಯವಸ್ಥೆಗೆ ಹಣ ಇಟ್ಟಿದ್ದಾರೆಯೇ ನೋಡಿ. ಸಾಮಾನ್ಯವಾಗಿ ದೀಪ, ಬೇಲಿ, ಕಮಾನಿಗೆ ಇಟ್ಟಿರುತ್ತಾರೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ನೀರನ್ನು ಜೌಗಿನ ಮೂಲಕ ಹಾಯಿಸಿ ಒಳಬಿಡುವ ಏರ್ಪಾಡನ್ನು ಒಮ್ಮೆ ಹೋಗಿ ನೋಡಿ ಬಂದರೆ ಎಂಜಿನಿಯರರ ಎದುರು ಕೇಳಬೇಕಾದ ಪ್ರಶ್ನೆಗಳು ತಾವಾಗಿ ಹೊಳೆಯುತ್ತವೆ.

ಇದೆಲ್ಲ ಗೊತ್ತಿರುವವರು ಊರಲ್ಲೇ ಇದ್ದಾರೆ: ಕೆರೆಯ ನೀರು ಹಂಚುವ ನೀರುಗಂಟಿ ಮನೆತನದವರು, ಅಚ್ಚುಕಟ್ಟಿನ ರೈತರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಕುರಿ-ದನದವರು. ವಾಕಿಂಗ್ ಹೋಗುವವರೇ ತುಂಬಿದ ಸಮಿತಿ ಬೇಲಿ ಹಾಕಿಸಿ ಇವರನ್ನು ಹೊರಗಿಟ್ಟರೆ, ರಾತ್ರಿ ಮಣ್ಣಿನ ಲಾರಿ ಬಂದಾಗ ಫೋನು ಮಾಡುವವರು ಯಾರೂ ಇರುವುದಿಲ್ಲ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ; ಕೋರಂ ಇತ್ತೆಂದು ನಡಾವಳಿ ಪುಸ್ತಕದಲ್ಲಿ ದಾಖಲಾಗಿರಲಿ, ನಿರ್ಣಯ ಸಂಖ್ಯೆಯೊಂದಿಗೆ ಪಿಡಿಒ ಸಹಿ ಮಾಡಿದ ಪ್ರತಿ ನಿಮ್ಮ ಕಡತಕ್ಕೆ ಬರಲಿ. ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದಲ್ಲಷ್ಟೇ ಇದ್ದರೂ ಅದನ್ನು ಎಬ್ಬಿಸುವುದು ಲಾಭ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಆದದ್ದು 2002ರ ಜೀವವೈವಿಧ್ಯ ಕಾಯ್ದೆಯ ಬಲದಿಂದ, ಈ ಸಮಿತಿ ಇರುವುದೂ ಅದೇ ಕಾಯ್ದೆಯ ಅಡಿ.

ನ್ಯಾಯಮಂಡಳಿ, ನ್ಯಾಯಾಲಯ, ದಿನಾಂಕಗಳು

ನಮ್ಮ ರಾಜ್ಯದ ಪ್ರಕರಣಗಳು ಹೋಗುವುದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ. ಪರಿಹಾರ ಧನ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ. ಜನ ಸೋಲುವುದು ಹಣದಿಂದಲ್ಲ, ಅವಧಿಯಿಂದ. ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನ ಅರ್ಜಿಗೆ ಕಾರಣ ಮೊದಲು ಉದ್ಭವಿಸಿದ ದಿನದಿಂದ ಆರು ತಿಂಗಳು, ತಕ್ಕ ಕಾರಣ ಇದ್ದರೆ ಇನ್ನು 60 ದಿನ. 'ಮೊದಲು' ಎಂಬ ಪದ ಗಮನಿಸಿ. ಮನವಿ ಕೊಡುತ್ತಾ ಕಾಯುತ್ತಾ ಕುಳಿತರೆ ಗಡಿಯಾರ ನಿಲ್ಲುವುದಿಲ್ಲ. ಪರಿಸರ ಅನುಮತಿಯ ವಿರುದ್ಧದ ಮೇಲ್ಮನವಿಗೆ 30 ದಿನ, ಹೆಚ್ಚೆಂದರೆ ಮತ್ತೆ 60. ಆ ಮೇಲೆ ಒಂದು ದಿನ ತಡವಾದರೂ ಬಾಗಿಲು ಮುಚ್ಚಿದಂತೆಯೇ.

ಎಲ್ಲವೂ ಅಲ್ಲಿಗೆ ಹೋಗುವುದೂ ಇಲ್ಲ. ಜಲ, ವಾಯು, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯದಂಥ, ನ್ಯಾಯಮಂಡಳಿ ಕಾಯ್ದೆಯ ಅನುಸೂಚಿಯಲ್ಲಿರುವ ಕಾಯ್ದೆಗಳ ವಿಷಯ ಮಾತ್ರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಏರಿಯ ಮೇಲಿನ ಮರಗಳ ವಿಷಯ ಹೈಕೋರ್ಟಿಗೆ. 50ಕ್ಕಿಂತ ಹೆಚ್ಚು ಮರ ಕಡಿಯುವ ಸಾರ್ವಜನಿಕ ಕಾಮಗಾರಿಯಾದರೆ ವೃಕ್ಷಾಧಿಕಾರಿ ಪ್ರಕಟಣೆ ಕೊಟ್ಟು ಆಕ್ಷೇಪ ಕರೆಯಬೇಕು. ಆ ಆಕ್ಷೇಪಗಳನ್ನು ಮರಕ್ಕೆ ಒಂದೊಂದು ಸಂಖ್ಯೆ ಹಾಕಿ, ಯಾವ ಮರವನ್ನು ಯಾಕೆ ಉಳಿಸಬಹುದು ಎಂದು ಬರೆದರೆ ಪ್ರಯೋಜನ. 'ಎಲ್ಲ ಮರವೂ ಉಳಿಯಲಿ' ಎಂದು ಬರೆದ ಸಾವಿರ ಸಹಿಗೆ ಒಂದೇ ಸಾಲಿನ ಉತ್ತರ ಬರುತ್ತದೆ.

ಬೆಂಗಳೂರಿನವರು ಇಂದಿಗೂ ಅರ್ಜಿಗಳಲ್ಲಿ '75 ಮೀಟರ್ ಬಫರ್' (ಕೆರೆಯಂಚಿನಿಂದ ಕಟ್ಟಡಕ್ಕೆ ಬಿಡಬೇಕಾದ ಅಂತರ) ಎಂದು ಬರೆಯುತ್ತಾರೆ. ಅದು 2016ರ ಮೇ ತಿಂಗಳ ಹಸಿರು ನ್ಯಾಯಮಂಡಳಿ ಆದೇಶ, 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮತ್ತೆ ಜಾರಿಗೆ ಬಂದದ್ದು 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015' ಎಂಬುದರ ಅಂತರ: ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಯ ಪ್ರಕಾರ 50, 25, 15. ಕೆರೆ ಕಾಯ್ದೆಯ ಅಂತರದ ನಿಯಮವೂ ತಿದ್ದುಪಡಿಗೆ ಸಿಕ್ಕಿರುವ ವಿಷಯ. ಅರ್ಜಿ ಬರೆಯುವ ದಿನ ಜಾರಿಯಲ್ಲಿರುವ ಪಠ್ಯವನ್ನು ತೆರೆದು ನೋಡಿ. ರದ್ದಾದ ಆದೇಶ ಉಲ್ಲೇಖಿಸಿದ ಅರ್ಜಿಯಲ್ಲಿ ಉಳಿದದ್ದೆಲ್ಲ ಸರಿಯಿದ್ದರೂ ಓದುವವರಿಗೆ ನಂಬಿಕೆ ಹೋಗುತ್ತದೆ.

ಕೆರೆಯ ಮೇಲ್ಭಾಗಕ್ಕೆ ದೊಡ್ಡ ಕೈಗಾರಿಕೆ ಬರುವುದಾದರೆ ಸಾರ್ವಜನಿಕ ವಿಚಾರಣೆ ನಡೆಯಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನದ ಪ್ರಕಟಣೆ ಬೇಕು, ಕನ್ನಡದ ಸಾರಾಂಶ ಸಿಗಬೇಕು. ಅಲ್ಲಿ ಕೋರಂ ಎಂಬುದಿಲ್ಲ. ನೀವು ಬಹಿಷ್ಕರಿಸಿ ಹೊರನಡೆದರೂ ಉಳಿದವರ ಮಾತು ದಾಖಲಾಗಿ ಸಭೆ ಮುಗಿಯುತ್ತದೆ. ಒಳಗೆ ಕುಳಿತು, ವರದಿಯ ಪುಟ ಸಂಖ್ಯೆ ಹೇಳಿ ಆಕ್ಷೇಪ ಎತ್ತಿ, ಅದನ್ನೇ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು; ಬಹಳಷ್ಟು ಜನ ಊಟಕ್ಕೆ ಎದ್ದುಹೋಗುವುದು ಆಗಲೇ. ಕಟ್ಟಡ ಮತ್ತು ಬಡಾವಣೆ ಯೋಜನೆಗಳಿಗೆ ಈ ವಿಚಾರಣೆ ಇಲ್ಲ, ಅದಕ್ಕಾಗಿ ಕಾಯಬೇಡಿ.

ದೊಡ್ಡ ಹೋರಾಟಗಳಿಂದ ಕಲಿಯಬೇಕಾದ್ದೂ ದಿನಾಂಕದ ಪಾಠವನ್ನೇ. ಕುದುರೆಮುಖದಲ್ಲಿ ಗಣಿ ಗುತ್ತಿಗೆಯ ಅವಧಿ 1999ರಲ್ಲಿ ಮುಗಿಯುತ್ತಿತ್ತು, ನವೀಕರಣ ಎಂಬ ಒಂದು ತೀರ್ಮಾನದ ಸುತ್ತ ವಾದ ಕಟ್ಟಲು ಆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಗಣಿ ನಿಂತದ್ದು 2005ರ ಕೊನೆಗೆ. ನಿಮ್ಮ ಕೆರೆಗೂ ಇಂಥ ದಿನಗಳಿವೆ: ಮೀನಿನ ಗುತ್ತಿಗೆ ಮುಗಿಯುವ ದಿನ, ಮಾಸ್ಟರ್ ಪ್ಲಾನಿಗೆ ಆಕ್ಷೇಪ ಕೊಡುವ ಕೊನೆಯ ದಿನ, ಪಂಚಾಯತಿ ಕ್ರಿಯಾಯೋಜನೆ ಅಂತಿಮವಾಗುವ ತಿಂಗಳು, ಟೆಂಡರ್ ತೆರೆಯುವ ದಿನ. ಅವನ್ನು ಒಂದು ಕ್ಯಾಲೆಂಡರಿನಲ್ಲಿ ಬರೆದು ಆರು ವಾರ ಮೊದಲೇ ಕಾಗದ ಹೋಗುವಂತೆ ನೋಡಿಕೊಳ್ಳಿ.

ಕೊನೆಯ ಪ್ರಶ್ನೆ: ಸಮಿತಿ ನೋಂದಣಿ ಆಗಬೇಕೇ?

ಮೊದಲ ವರ್ಷ ಬೇಡ. ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ ಏಳು ಸದಸ್ಯರು ಬೇಕು, ವರ್ಷವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಆ ಕೆಲಸ ಮಾಡುವವರಿಲ್ಲದೆ ನೋಂದಾಯಿಸಿದರೆ ಅದೇ ಒಂದು ಹೊರೆ. ಕೆರೆ ನಿರ್ವಹಣೆಗೆ ಒಡಂಬಡಿಕೆ ಮಾಡಿಕೊಳ್ಳುವ ಹೊತ್ತು ಬಂದಾಗ, ಹಣ ಕೈಗೆ ಬರುವಾಗ ನೋಂದಣಿ ಬೇಕಾಗುತ್ತದೆ. ಅಲ್ಲಿಯ ತನಕ ಕೆಲಸ ಹಂಚಿಕೊಂಡರೆ ಸಾಕು: ಒಬ್ಬರು ಕಡತ ಮತ್ತು ದಿನಾಂಕ, ಒಬ್ಬರು ಭೂದಾಖಲೆ, ಒಬ್ಬರು ನೀರು, ಒಬ್ಬರು ಊರಿನವರ ಜೊತೆ ಮಾತು. ಕಡತದ ಸ್ಕ್ಯಾನ್ ಪ್ರತಿ ಕನಿಷ್ಠ ಇಬ್ಬರ ಮನೆಯಲ್ಲಿರಲಿ. ಸ್ಥಳಕ್ಕೆ, ಅದರಲ್ಲೂ ರಾತ್ರಿ ಮಣ್ಣು ಸುರಿಯುವಾಗ, ಒಬ್ಬರೇ ಹೋಗುವುದು ಬೇಡ. 112ಕ್ಕೆ ಕರೆ ಮಾಡಿ, ಕರೆಯ ಸಮಯ ಬರೆದಿಟ್ಟುಕೊಳ್ಳಿ, ಲಾರಿಯ ನಂಬರು ದೂರದಿಂದ ತೆಗೆಯಿರಿ.

ಗಡಿಕಲ್ಲು ನೆಟ್ಟ ಮೇಲೂ ಕೆಲಸ ಉಳಿದಿರುತ್ತದೆ. ಕಲ್ಲುಗಳು ನಡೆಯುತ್ತವೆ, ಅದರಲ್ಲೂ ಬೇಸಿಗೆಯಲ್ಲಿ. ಪ್ರತಿ ಕಲ್ಲಿಗೂ ಬಣ್ಣದಲ್ಲಿ ಸಂಖ್ಯೆ ಬರೆಸಿ, ಅದರ ಅಕ್ಷಾಂಶ-ರೇಖಾಂಶವನ್ನು ಸರ್ವೆ ನಕ್ಷೆಯ ಜೊತೆ ಪಟ್ಟಿ ಮಾಡಿಸಿಕೊಳ್ಳಿ. ವರ್ಷಕ್ಕೆ ಎರಡು ಸಲ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ, ಪಟ್ಟಿ ಹಿಡಿದು ಸುತ್ತು ಬನ್ನಿ. ಕಾಣದ ಕಲ್ಲಿನ ಸಂಖ್ಯೆಯನ್ನು ಅದೇ ವಾರ ತಹಶೀಲ್ದಾರರಿಗೆ ಬರೆಯಿರಿ, ಹಳೆಯ ಕಡತ ಸಂಖ್ಯೆ ಹಾಕಿ.